ಲೇತ್ ಕೊಳ್ಳುವ ಮುನ್ನ

ಮರ ಕಡೆಯುವುದನ್ನು ಕಲಿಯಬೇಕೆಂದು ಹೊರಟವರು ಮೊದಲು ಕೇಳುವ ಮಾತು ಒಂದೇ: ಯಾವ ಲೇತ್ ತಗೊಳ್ಳಲಿ? ಅಂಗಡಿಯವರ ಬಳಿ ಉತ್ತರ ಸಿದ್ಧವಾಗಿರುತ್ತದೆ. ಯೂಟ್ಯೂಬಿನಲ್ಲಂತೂ ಒಂದಕ್ಕೊಂದು ಹೊಂದದ ನೂರು ಉತ್ತರಗಳಿವೆ. ಪ್ರಶ್ನೆ ತಪ್ಪಲ್ಲ, ಅದರ ಸರದಿ ತಪ್ಪು. ಏನು ಕಡೆಯುತ್ತೇವೆ, ಯಾವ ಮರದಲ್ಲಿ, ಉಳಿ ಮಸೆಯುವವರು ಯಾರು ಎಂಬುದು ಮೊದಲು ಇತ್ಯರ್ಥವಾದರೆ ಯಂತ್ರದ ಆಯ್ಕೆ ಮುಕ್ಕಾಲು ಪಾಲು ತಾನಾಗಿಯೇ ಮುಗಿದಿರುತ್ತದೆ. ಹಾಗಾಗದೆ ಯಂತ್ರವನ್ನೇ ಮೊದಲು ತಂದವರ ಮನೆಯಲ್ಲಿ ಅದು ಆರು ತಿಂಗಳಲ್ಲಿ ಬಟ್ಟೆ ಹೊದ್ದು ಮೂಲೆ ಸೇರುವುದು ಅಪರೂಪವೇನಲ್ಲ.

ಇನ್ನೊಂದು ತೊಡಕೂ ಇದೆ. ಇವತ್ತು ಹವ್ಯಾಸಿಗೆ ಸಿಗುವ ಪಾಠ ಬಹುತೇಕ ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳಿಂದ ಬಂದದ್ದು. ಅಲ್ಲಿನ ಮರ, ಅಲ್ಲಿನ ಗ್ಯಾರೇಜು, ಅಲ್ಲಿನ ಕೈಚೀಲವನ್ನು ಲೆಕ್ಕವಿಟ್ಟು ಬರೆದದ್ದು. ಅದೇ ಹೊತ್ತಿಗೆ ಬೆಂಗಳೂರಿನಿಂದ 60 ಕಿಲೋಮೀಟರ್ ಆಚೆ, ಮೈಸೂರು ಹೆದ್ದಾರಿಯ ಮೇಲೆಯೇ, ತಲೆಮಾರುಗಳಿಂದ ಮರ ಕಡೆದು ಬಣ್ಣವೇರಿಸಿ ಬದುಕುವ ಒಂದು ಊರಿದೆ, ಚನ್ನಪಟ್ಟಣ. ಈ ಎರಡು ಪಾಠಗಳು ಪರಸ್ಪರ ಮುಖ ನೋಡಿಕೊಂಡಿಲ್ಲ. ಕನ್ನಡ ನಾಡಿನಲ್ಲಿ ಕಲಿಯುವವನಿಗೆ ಎರಡೂ ಬೇಕು. ಕಸುಬಿನ ಕ್ರಮವನ್ನೂ ಕಡಿಮೆ ಸಲಕರಣೆಯನ್ನೂ ಚನ್ನಪಟ್ಟಣದಿಂದ, ಮೈಗಾವಲನ್ನೂ ಸಾಣೆಯ ಶಾಸ್ತ್ರವನ್ನೂ ಹೊರಗಿನಿಂದ ಪಡೆಯಬೇಕು ಎಂಬುದು ನನ್ನ ಲೆಕ್ಕ.

ಬಡಗಿಯ ಉಳಿದೆಲ್ಲ ಕೆಲಸದಲ್ಲಿ ಮರ ಅಲುಗದೆ ಕೂತಿರುತ್ತದೆ, ಉಪಕರಣ ಓಡಾಡುತ್ತದೆ. ಲೇತಿನಲ್ಲಿ ಮರವೇ ಗರಗರ ತಿರುಗುತ್ತದೆ, ಉಳಿ ಒಂದು ಆನಿಕೆಯ ಮೇಲೆ ಒರಗಿ ಕಾಯುತ್ತದೆ. ಈ ಉಪಾಯ ಹಳೆಯದು. ಈಜಿಪ್ಟಿನ ಪೆಟೋಸಿರಿಸ್ ಎಂಬ ಪುರೋಹಿತನ ಗೋರಿಯ ಗೋಡೆಯಲ್ಲಿ, ಕ್ರಿ.ಪೂ. 300ರ ಸುಮಾರಿನ ಉಬ್ಬುಚಿತ್ರವೊಂದಿದೆ. ಒಬ್ಬ ಹಗ್ಗ ಎಳೆದು ಮರವನ್ನು ಹಿಂದೆ ಮುಂದೆ ತಿರುಗಿಸುತ್ತಾನೆ, ಇನ್ನೊಬ್ಬ ಉಳಿ ಹಿಡಿದಿದ್ದಾನೆ. ನಮ್ಮಲ್ಲಿ ಬಿಲ್ಲಿನ ಹುರಿ ಸುತ್ತಿ ಎಳೆಯುವ ಕೈಲೇತಿನ ಬಗೆಯೂ ಅದೇ. ಯುರೋಪಿನವರು ಒಂದು ಬಾಗುವ ಗಳುವನ್ನು ಮೇಲೆ ಕಟ್ಟಿ, ಕೆಳಗೆ ಕಾಲಿನಿಂದ ತುಳಿದು ತಿರುಗಿಸಿದರು. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗನ್ನು ಮೇಲೆತ್ತಿದಾಗ ಸಿಕ್ಕ ನಾವಿಕರ ಮರದ ಬಟ್ಟಲುಗಳು ಅಂಥ ಲೇತಿನವು. ಮರವಷ್ಟೇ ಏಕೆ, 1117ರ ಬೇಲೂರು ಚೆನ್ನಕೇಶವ ಗುಡಿಯಲ್ಲಿ ಬಳಪದ ಕಲ್ಲಿನ ಕಂಬಗಳ ಮೈಮೇಲಿನ ಬಳೆಬಳೆ ಏರಿಳಿತ ನೋಡಿದವರಿಗೆ ತಿರುಗಣೆಯ ಕೆಲಸ ಅಂದರೇನು ಎಂದು ಬೇರೆ ಹೇಳಬೇಕಾಗಿಲ್ಲ.

ಹವ್ಯಾಸವಾಗಿ ಮರ ಕಡೆಯುವುದು ಜನಸಾಮಾನ್ಯರಲ್ಲಿ ಹರಡಿದ್ದು ಮಾತ್ರ ತೀರ ಈಚೆಗೆ. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಇದು ಬಹುಮಟ್ಟಿಗೆ ಹೊಟ್ಟೆಪಾಡಿನ ಕೆಲಸ: ಕುರ್ಚಿ ಕಾಲು, ಮೆಟ್ಟಿಲ ಕಟಕಟೆಯ ಕಂಬ, ನೂಲಿನ ಉರುಟೆ. ಒಂದೇ ನಮೂನೆಯನ್ನು ಸಾವಿರ ಸಲ ನಕಲು ಮಾಡುವ ಸ್ವಯಂಚಾಲಿತ ಯಂತ್ರ ಬಂದ ಮೇಲೆ ಕಸುಬು ಸೊರಗಿತು, ಹವ್ಯಾಸ ಹುಟ್ಟಿತು. ಪೀಟರ್ ಚೈಲ್ಡ್ 1971ರಲ್ಲಿ, ರಿಚರ್ಡ್ ರಫಾನ್ 1985ರಲ್ಲಿ, ಕೀತ್ ರೌಲಿ 1990ರಲ್ಲಿ ಬರೆದ ಪುಸ್ತಕಗಳು ಇಂಗ್ಲಿಷ್ ಓದಬಲ್ಲ ಹವ್ಯಾಸಿಗಳ ಒಂದು ಪೀಳಿಗೆಯನ್ನೇ ತಯಾರು ಮಾಡಿದವು. ಅಮೆರಿಕದ ಮರಗಡೆತಗಾರರ ಸಂಘ 1986ರಲ್ಲೂ ಬ್ರಿಟನ್ನಿನದು ಮರುವರ್ಷವೂ ಹುಟ್ಟಿದವು. ಈ ಹೊಸ ಅಲೆ ತನ್ನೊಂದಿಗೆ ಒಂದು ಒಲವನ್ನೂ ತಂದಿತು: ಬಟ್ಟಲಿನ ಮೋಹ. ಕಸುಬುದಾರ ದಿನವಿಡೀ ಕಾಲು, ಕಂಬ, ಹಿಡಿಕೆ ಕಡೆಯುತ್ತಿದ್ದ. ಹವ್ಯಾಸಿಗೆ ಮೊದಲ ವಾರವೇ ಸಲಾಡ್ ಬಟ್ಟಲು ಬೇಕು. ಹೊಸಬನ ಖರ್ಚು, ಅಪಾಯ, ನಿರಾಸೆ ಮೂರೂ ಹೆಚ್ಚಾಗಿ ಈ ಆಸೆಯಿಂದಲೇ ಹುಟ್ಟುತ್ತವೆ. ಏಕೆಂದು ನೋಡಬೇಕಾದರೆ ಮರದ ನಾರಿನ ಬಗ್ಗೆ ಸ್ವಲ್ಪ ಹೇಳಬೇಕು.

ಲಟ್ಟಣಿಗೆಯಂಥ ಉದ್ದನೆಯ ವಸ್ತುವಿನಲ್ಲಿ ಮರದ ನಾರು ಲೇತಿನ ಅಕ್ಷದ ಗುಂಟ ಓಡುತ್ತದೆ. ತುಂಡು ಎಷ್ಟೇ ತಿರುಗಲಿ, ಉಳಿಯ ಬಾಯಿಗೆ ಸಿಗುವುದು ನಾರಿನ ಪಕ್ಕವೇ. ದಪ್ಪದ ಕಡೆಯಿಂದ ಸಣ್ಣದರ ಕಡೆಗೆ ಇಳಿಯುತ್ತ ಕಡೆದರೆ ಪ್ರತಿ ಎಳೆಗೂ ಕೆಳಗಿನ ಎಳೆಯ ಆಸರೆ ಇರುತ್ತದೆ, ಹೊಟ್ಟು ಉದ್ದುದ್ದ ಸುರುಳಿಯಾಗಿ ಬರುತ್ತದೆ, ಮೈ ನುಣುಪಾಗಿ ನಿಲ್ಲುತ್ತದೆ. ಬಟ್ಟಲಿನಲ್ಲಿ ಹಾಗಲ್ಲ. ಅಲ್ಲಿ ನಾರು ಅಕ್ಷಕ್ಕೆ ಅಡ್ಡ. ಒಂದು ಸುತ್ತಿನಲ್ಲಿ ಎರಡು ಸಲ ನಾರಿನ ಪಕ್ಕ, ಎರಡು ಸಲ ನಾರಿನ ಕಡಿದ ತುದಿ ಉಳಿಗೆ ಎದುರಾಗುತ್ತದೆ: ಮೆತ್ತಗೆ, ಗಟ್ಟಿ, ಮತ್ತೆ ಮೆತ್ತಗೆ, ಮತ್ತೆ ಗಟ್ಟಿ, ನಿಮಿಷಕ್ಕೆ ಸಾವಿರ ಸಲ. ಹೊರಮೈಯನ್ನು ತಳದಿಂದ ಅಂಚಿಗೆ, ಒಳಮೈಯನ್ನು ಅಂಚಿನಿಂದ ತಳಕ್ಕೆ ಕಡೆಯಬೇಕು. ತಪ್ಪಿದರೆ ನಾರು ಕಿತ್ತು ಬರುತ್ತದೆ. ಜೊತೆಗೆ ತುಂಡು ದೊಡ್ಡದು, ಒಂದೇ ಕಡೆ ಹಿಡಿತ, ತೂಕ ಸಮನಾಗಿರುವುದಿಲ್ಲ. ಕಲಿಕೆ ಇಲ್ಲಿಂದ ಶುರುವಾಗಬಾರದು ಎನ್ನುವುದಕ್ಕೆ ಇದಕ್ಕಿಂತ ಕಾರಣ ಬೇಕೇ?

ಚನ್ನಪಟ್ಟಣದವರು ಕಡೆಯುವುದು ಬಹುಪಾಲು ಮೊದಲನೆಯ ಬಗೆಯದೇ. ಅವರ ಮರ ಆಲೆ, ಕೆಲವರ ಬಾಯಲ್ಲಿ ಹಾಲೆ: ಬಿಳಿ, ಹಗುರ, ನಾರು ಎದ್ದು ಕಾಣದ ನಯವಾದ ಮರ. ಆಂಧ್ರದ ಏಟಿಕೊಪ್ಪಾಕದ ಗೊಂಬೆಗೂ ಅದೇ ಜಾತಿ. ಟಿಪ್ಪುವಿನ ಕಾಲಕ್ಕೆ ಪರ್ಷಿಯಾದ ಕುಶಲಿಗಳು ಬಂದು ಕಲಿಸಿದರು ಎಂಬ ಮಾತು ಊರಿನಲ್ಲಿದೆ. ಜಪಾನಿನ ವಿಧಾನಗಳನ್ನು ಇಲ್ಲಿಗೆ ಹೊಂದಿಸಿದವರೆಂದು ಬಾವಾಸ್ ಮಿಯಾ ಅವರ ಹೆಸರನ್ನು ಗೌರವದಿಂದ ಹೇಳುತ್ತಾರೆ. ಇತಿಹಾಸಕ್ಕಿಂತ ಅಲ್ಲಿನ ಕೆಲಸದ ಕ್ರಮವೇ ನಮಗೆ ಮುಖ್ಯ. ಪೊಳ್ಳು ಬಟ್ಟಲಿನಂಥ ಹಿಡಿಕೆಯೊಳಗೆ ಮರದ ತುಂಡನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಉರುಟು ಮಾಡಿ, ಆಕಾರ ತೆಗೆದು, ಸ್ಯಾಂಡ್‌ಪೇಪರ್ ಹಿಡಿದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಒಣಗಿದ ತಾಳೆ ಎಲೆಯನ್ನು ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯ ಹೊಳಪು ಬರುತ್ತದೆ. ಕೊನೆಗೆ ತುಂಡರಿಸಿ ಕೆಳಗೆ ಬೀಳಿಸಿದರೆ ವಸ್ತು ಮುಗಿದಂತೆ. ಇನ್ನೊಂದು ಮೇಜಿಲ್ಲ, ಒಣಗಲು ಕಾಯುವುದಿಲ್ಲ, ಮೂರು ನಾಲ್ಕು ಉಳಿಗಳಿಗಿಂತ ಹೆಚ್ಚು ಕಾಣುವುದಿಲ್ಲ. ಕ್ಯಾಟಲಾಗಿನಲ್ಲಿ ಹನ್ನೆರಡು ಉಳಿಗಳ ಪೆಟ್ಟಿಗೆ ನೋಡಿ ಕಂಗೆಟ್ಟವರು ಒಮ್ಮೆ ಅಲ್ಲಿ ಅರ್ಧ ದಿನ ನಿಂತು ಬರಬೇಕು.

ಹಾಗೆಂದು ಅಲ್ಲಿನದೆಲ್ಲವನ್ನೂ ಕಣ್ಣುಮುಚ್ಚಿ ತಂದುಕೊಳ್ಳುವಂತಿಲ್ಲ. ಸುತ್ತಿಗೆಯ ಏಟು ತಾಳಲೆಂದೇ ಅಲ್ಲಿನ ಲೇತಿನ ಹಿಡಿಕೆಯಿರುವುದು. ಅಂಗಡಿಯಲ್ಲಿ ಸಿಗುವ ಪುಟ್ಟ ಲೇತಿನ ಬೇರಿಂಗ್ ಆ ಏಟಿಗೆ ಹಾಳಾಗುತ್ತದೆ. ಹವ್ಯಾಸಿಯಾದವನು ನಾಲ್ಕು ಹಲ್ಲಿನ ಮುಳ್ಳನ್ನು ಹೊರಗೇ ಮರಕ್ಕೆ ಬಡಿದು, ಆಮೇಲೆ ತುಂಡನ್ನು ಲೇತಿಗೆ ಏರಿಸುವುದು ಕ್ಷೇಮ. ವರ್ಷಗಟ್ಟಲೆ ಕೈ ಪಳಗಿದವರು ಮುಖಕ್ಕೆ ಏನನ್ನೂ ಹಾಕದೆ ಕೆಲಸ ಮಾಡುವುದನ್ನು ನೋಡಿ ನಾವೂ ಹಾಗೆ ನಿಲ್ಲುವುದು ಮೂರ್ಖತನ.

ಈಗ ಯಂತ್ರದ ಮಾತು. ಲೇತಿನಲ್ಲಿ ನೋಡಬೇಕಾದ ಅಳತೆ ಎರಡು. ಬೆಡ್ಡಿನ ಮೇಲೆ ತಿರುಗಬಲ್ಲ ಗರಿಷ್ಠ ವ್ಯಾಸ ಒಂದು, ಎರಡು ತುದಿಗಳ ನಡುವಿನ ಉದ್ದ ಇನ್ನೊಂದು. 10 ಇಂಚು ವ್ಯಾಸ, 16 ಇಂಚು ಉದ್ದದ ಮೇಜಿನ ಮೇಲಿಡುವ ಲೇತಿನಲ್ಲಿ ಬುಗುರಿ, ಲಟ್ಟಣಿಗೆ, ಭರಣಿ, ಉಳಿಯ ಹಿಡಿ, ಸಣ್ಣ ಬಟ್ಟಲು ಎಲ್ಲವೂ ಆಗುತ್ತವೆ. ಅರ್ಧ ಎಚ್‌ಪಿ ಮೋಟಾರು ಇದಕ್ಕೆ ಸಾಕು. ಮೂರನೆಯ ಸಂಗತಿ ಕಣ್ಣಿಗೆ ಬೀಳದು, ಆದರೆ ಕಾಡುವುದು ಅದೇ: ತಿರುಗುವ ದಂಡದ ತುದಿಯ ಮರೆ, ಅಂದರೆ ಸ್ಕ್ರೂ ಎಳೆ, ಮತ್ತು ಒಳಗಿನ ಮೋರ್ಸ್ ಟೇಪರ್ ಎಂಬ ಇಳುಕಲು ತೂತು. ಒಂದು ಇಂಚಿಗೆ ಎಂಟು ಎಳೆ, 33 ಮಿಲಿಮೀಟರ್, ನಂಬರ್ 2 ಟೇಪರ್ ಇಂಥ ಚಾಲ್ತಿಯಲ್ಲಿರುವ ಅಳತೆಗಳಿದ್ದರೆ ನಾಳೆ ಬೇಕಾದ, ಮರವನ್ನು ಕಚ್ಚಿ ಹಿಡಿಯುವ ಚಕ್, ಡ್ರಿಲ್ ಹಿಡಿಕೆ ಎಲ್ಲಿಂದಾದರೂ ತರಿಸಬಹುದು. ಊರಿನ ವರ್ಕ್‌ಶಾಪಿನವರು ತಮಗೆ ತೋಚಿದ ಎಳೆ ಕೊರೆದುಕೊಟ್ಟಿದ್ದರೆ ಪ್ರತಿಯೊಂದನ್ನೂ ಅವರಲ್ಲೇ ಮಾಡಿಸಬೇಕು.

ಮಾರುಕಟ್ಟೆಯಲ್ಲಿ ಮೂರು ತರಹದ ಸರಕು ಕಾಣುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಅಡಾಪ್ಟರಿನಿಂದ ಓಡುವ, ಅಂಗೈ ಗಾತ್ರದ ಲೇತುಗಳು ಮಣಿ ಕಡೆಯುವುದಕ್ಕೆ ಮಾತ್ರ. ಅದರಲ್ಲಿ ಬುಗುರಿ ಮಾಡಹೊರಟರೆ ಮೋಟಾರು ನಿಂತೇ ಹೋಗುತ್ತದೆ. ಕೈ ಡ್ರಿಲ್ಲಿಗೆ ಜೋಡಿಸುವ ಚೌಕಟ್ಟನ್ನಂತೂ ನಾನು ಯಾರಿಗೂ ಹೇಳುವುದಿಲ್ಲ. ಡ್ರಿಲ್ಲಿನ ಬೇರಿಂಗ್ ಪಕ್ಕದ ಒತ್ತಡಕ್ಕೆ ಮಾಡಿದ್ದಲ್ಲ. ಎರಡನೆಯದು ನಮ್ಮಲ್ಲೇ ಎರಕ ಹೊಯ್ದು ಮಾಡಿದ ಸಾದಾ ಲೇತು. ಕಬ್ಬಿಣದ ಎರಡು ತಲೆಗಳನ್ನು ನಾವೇ ಗಟ್ಟಿ ಮರದ ತೊಲೆಗಳ ಮೇಲೆ ಬಿಗಿದುಕೊಳ್ಳಬೇಕು, ಮೋಟಾರು ಬೇರೆ, ಬೆಲ್ಟು ಬೇರೆ, ವೇಗ ಬದಲಿಸಲು ಮೆಟ್ಟಿಲು ಪುಲ್ಲಿ. ನೋಡಲು ಒರಟು, ಅಲುಗಾಡುವುದಿಲ್ಲ. ತೂಕವೇ ಲೇತಿನ ಗುಣ. ಮೂರನೆಯದು ಹೊರದೇಶದ ನಮೂನೆಯ ಮಿನಿ ಲೇತ್: ಗುಬುಟು ತಿರುಗಿಸಿದರೆ ವೇಗ ಏರಿಳಿಯುತ್ತದೆ, ಅಂದವಾಗಿದೆ, ದುಬಾರಿ. ಒಂದು ಎಚ್ಚರಿಕೆ: ಕೆಲವು ಅಗ್ಗದ ಮಾದರಿಗಳಲ್ಲಿ ಗುಬುಟನ್ನು ತೀರ ಇಳಿಸಿದಾಗ ಬಲವೂ ಇಳಿಯುತ್ತದೆ. ಗುಬುಟಿನ ಜೊತೆಗೆ ಬೆಲ್ಟಿನ ಎರಡು ಮೂರು ಮೆಟ್ಟಿಲೂ ಇದ್ದರೆ ಆ ತೊಂದರೆ ಇಲ್ಲ. ಕಾಸಿದ್ದವರು ಮೂರನೆಯದನ್ನು ತೆಗೆದುಕೊಳ್ಳಲಿ. ಜಾಗವಿದ್ದು, ಸ್ಪ್ಯಾನರ್ ಹಿಡಿಯಲು ಬೇಸರವಿಲ್ಲದವರಿಗೆ ಎರಡನೆಯದೇ ಹೆಚ್ಚು ಬಾಳಿಕೆ. ಯಾವುದೇ ಆಗಲಿ, ಇಟ್ಟ ಹಣವನ್ನೆಲ್ಲ ಯಂತ್ರಕ್ಕೆ ಸುರಿಯಬೇಡಿ. ಉಳಿ, ಸಾಣೆಯಂತ್ರ, ಮುಖದ ಕವಚ, ಮರ, ಆಮೇಲೆ ಚಕ್ ಎಲ್ಲ ಸೇರಿದರೆ ಲೇತಿನಷ್ಟೇ ಮತ್ತೊಂದು ಖರ್ಚು ಸುಲಭವಾಗಿ ಆಗುತ್ತದೆ.

ವೇಗದ ಬಗ್ಗೆ ಹಳಬರ ಒಂದು ಲೆಕ್ಕವಿದೆ. ತುಂಡಿನ ವ್ಯಾಸವನ್ನು ಇಂಚಿನಲ್ಲಿ ತೆಗೆದುಕೊಂಡು ನಿಮಿಷದ ಸುತ್ತುಗಳಿಂದ ಗುಣಿಸಿದರೆ ಬರುವ ಸಂಖ್ಯೆ 6000ದಿಂದ 9000ದ ನಡುವೆ ಇರಬೇಕು. 6 ಇಂಚಿನ ತುಂಡಿಗೆ 1000ದಿಂದ 1500 ಸುತ್ತು ಎಂದಾಯಿತು. ಇದು ಈಗಾಗಲೇ ಉರುಟಾದ, ಸಮತೂಕದ ಮರಕ್ಕೆ. ಚೌಕದ ತುಂಡನ್ನು ಉರುಟು ಮಾಡುವಾಗ ಯಂತ್ರದ ಅತಿ ನಿಧಾನದ ವೇಗವೇ ಸರಿ. ಈ ಎಚ್ಚರಿಕೆ ಸುಮ್ಮನಲ್ಲ. 10 ಇಂಚು ಅಗಲ, 3 ಇಂಚು ದಪ್ಪದ ಗಟ್ಟಿ ಮರದ ಬಿಲ್ಲೆ ಎರಡೂವರೆ ಕಿಲೋ ಮೀರಿ ತೂಗುತ್ತದೆ. 1000 ಸುತ್ತಿನಲ್ಲಿ ಅದರ ಅಂಚು ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಹಿಂದಿನ ಕೆಲಸ ಬುಗುರಿಯಾಗಿದ್ದು, ಬೆಲ್ಟು ಬದಲಿಸಲು ಮರೆತು 3000 ಸುತ್ತಿನಲ್ಲೇ ಸ್ವಿಚ್ ಒತ್ತಿದರೆ 144 ಕಿಲೋಮೀಟರ್: ವೇಗದ ಬೌಲರ್ ಎಸೆದ ಚೆಂಡಿನ ವೇಗ, ಚೆಂಡಿನ ಹದಿನೈದು ಪಟ್ಟು ತೂಕ. ಹೀಗಾಗಿ ಸ್ವಿಚ್ ಒತ್ತುವ ಮೊದಲು ವೇಗ ಎಷ್ಟಿದೆ ಎಂದು ನೋಡುವುದು, ತುಂಡನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಆನಿಕೆಗೆ ತಾಗುವುದಿಲ್ಲವೆಂದು ಖಚಿತ ಮಾಡಿಕೊಳ್ಳುವುದು, ಒತ್ತುವಾಗ ಮರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿಯುವುದು, ಇಷ್ಟನ್ನು ಮೈಗೂಡಿಸಿಕೊಳ್ಳಬೇಕು.

ನಮ್ಮ ನಾಡಿಗೇ ವಿಶೇಷವಾದ ಇನ್ನೊಂದು ಅಪಾಯವನ್ನು ಹೊರಗಿನ ಪುಸ್ತಕಗಳು ಒತ್ತಿ ಹೇಳುವುದಿಲ್ಲ: ಕರೆಂಟ್ ಹೋಗಿ ಬರುವುದು. ಸಾದಾ ಸ್ವಿಚ್ಚಿನ ಲೇತಿನಲ್ಲಿ ಕೆಲಸದ ಮಧ್ಯೆ ಕರೆಂಟ್ ಹೋಯಿತು, ನೀವು ಮರವನ್ನು ಮುಟ್ಟಿ ನೋಡುತ್ತಿದ್ದೀರಿ, ಉಳಿಯನ್ನು ಆನಿಕೆಯ ಮೇಲೇ ಬಿಟ್ಟಿದ್ದೀರಿ. ಆಗ ಕರೆಂಟ್ ಬಂದರೆ? ಪಂಪ್‌ಸೆಟ್ಟಿಗೆ ಹಾಕುವ ಹಸಿರು ಕೆಂಪು ಗುಂಡಿಯ ಸ್ಟಾರ್ಟರ್ ಇದಕ್ಕೆ ಮದ್ದು. ಕರೆಂಟ್ ಹೋದೊಡನೆ ಅದು ಬಿಟ್ಟುಕೊಳ್ಳುತ್ತದೆ, ಮತ್ತೆ ಒತ್ತುವವರೆಗೂ ಯಂತ್ರ ಓಡದು. ಮೋಟಾರಿಗೆ ಒಪ್ಪುವಂಥದ್ದನ್ನು ನೋಡಿ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ, ಅರ್ಥಿಂಗೂ ಇರಲಿ. ಉಡುಪಿನ ವಿಷಯ: ಲುಂಗಿ, ಸೆರಗು, ದುಪಟ್ಟಾ, ಇಳಿಬಿಟ್ಟ ಜಡೆ, ಕೊರಳ ಸರ, ಬಳೆ, ಉಂಗುರ ಯಾವುದೂ ಲೇತಿನ ಹತ್ತಿರ ಸಲ್ಲದು. ಕೈಗವಸೂ ಬೇಡ. ರಕ್ಷಣೆಯೆಂದು ಹಾಕಿಕೊಂಡ ಕೈಗವಸೇ ಕೈಯನ್ನು ಒಳಗೆಳೆಯುತ್ತದೆ. ಕಣ್ಣಿಗೆ ಕನ್ನಡಕ ಸಾಲದು, ಇಡೀ ಮುಖ ಮುಚ್ಚುವ ಕವಚ ಬೇಕು. ಮೂಗಿಗೆ ಒಳ್ಳೆಯ ಮಾಸ್ಕ್. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಉದ್ದನೆಯ ಸುರುಳಿ ಹೊಟ್ಟಿನಿಂದ ಅಷ್ಟು ಭಯವಿಲ್ಲ, ಸ್ಯಾಂಡ್‌ಪೇಪರಿನ ಹಿಟ್ಟಿನಂಥ ಧೂಳೇ ಕೆಟ್ಟದ್ದು. ಚೆನ್ನಾಗಿ ಕಡೆದವನಿಗೆ ಸ್ಯಾಂಡ್‌ಪೇಪರ್ ಕಡಿಮೆ ಬೇಕು. ಅಲ್ಲಿಗೆ ಮಾತು ಮತ್ತೆ ಉಳಿಯ ಬಾಯಿಗೇ ಬಂತು.

ಮರ ಕಡೆಯುವುದನ್ನು ಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟದ್ದು ಸಾಣೆಯಿಂದ ಎನ್ನುವುದು ನನ್ನ ಗುಮಾನಿ. ಹೊಸ ಉಳಿ ಅಂಗಡಿಯಿಂದ ಮಸೆದು ಬರುವುದಿಲ್ಲ, ಆಕಾರ ಮಾತ್ರ ತೆಗೆದಿರುತ್ತಾರೆ. ಅದನ್ನೇ ಮರಕ್ಕೆ ಒತ್ತಿದವನಿಗೆ ಹೊಟ್ಟಿನ ಬದಲು ಪುಡಿ ಬರುತ್ತದೆ. ಇನ್ನಷ್ಟು ಒತ್ತುತ್ತಾನೆ, ಉಳಿ ಕಚ್ಚಿಕೊಂಡು ಎಗರುತ್ತದೆ, ಭಯ ಹುಟ್ಟುತ್ತದೆ. ಲೇತಿನಲ್ಲಿ ಒಂದು ನಿಮಿಷಕ್ಕೆ ಉಳಿಯ ಬಾಯಿಯ ಕೆಳಗೆ ಹಾಯುವ ಮರ ನೂರಾರು ಮೀಟರ್. ಬಡಗಿಯ ಉಳಿಗೆ ದಿನವಿಡೀ ಸಿಗದಷ್ಟು ಸವೆತ ಇದಕ್ಕೆ ಕೆಲವೇ ನಿಮಿಷದಲ್ಲಿ. ಅದಕ್ಕೇ ಸಾಣೆಯಂತ್ರ ಲೇತಿನಿಂದ ಎರಡು ಹೆಜ್ಜೆಯಲ್ಲಿರಬೇಕು, ಸದಾ ಸಿದ್ಧವಾಗಿರಬೇಕು.

ಹಾರ್ಡ್‌ವೇರ್ ಅಂಗಡಿಯ 6 ಇಂಚಿನ ಸಾಣೆಯಂತ್ರ ನಿಮಿಷಕ್ಕೆ ಸುಮಾರು 2800 ಸುತ್ತು ಓಡುತ್ತದೆ. ಅದರ ಬೂದು ಚಕ್ರ ಕಬ್ಬಿಣ ಉಜ್ಜುವುದಕ್ಕೆ. ಚಕ್ರವನ್ನು ಬದಲಿಸಿ ಬಿಳಿಯ ಅಲ್ಯುಮಿನಿಯಂ ಆಕ್ಸೈಡ್ ಹಾಕಿಕೊಂಡರೆ ಅದೇ ಯಂತ್ರ ಸಾಕಾಗುತ್ತದೆ. 1440 ಸುತ್ತಿನ 8 ಇಂಚಿನದು ಸಿಕ್ಕರೆ ಇನ್ನೂ ನೆಮ್ಮದಿ. ಸಾದಾ ಕಾರ್ಬನ್ ಉಕ್ಕಿನ ಉಳಿ ಸಾಣೆಯಲ್ಲಿ ನೀಲಿ ತಿರುಗಿತೆಂದರೆ ಅಷ್ಟು ಭಾಗದ ಗಡಸುತನ ಹೋಯಿತೆಂದೇ ಅರ್ಥ. ಹೈಸ್ಪೀಡ್ ಸ್ಟೀಲಿಗೆ ಆ ಭಯವಿಲ್ಲ, ಬಾಯಿಯೂ ಹೆಚ್ಚು ಹೊತ್ತು ನಿಲ್ಲುತ್ತದೆ. ಕೊಳ್ಳುವಾಗ ಎರಡನೆಯದನ್ನೇ ಕೊಳ್ಳಿ. ಉಳಿಯ ಬಾಯಿಯ ಹಿಂದಿನ ಓರೆಮೈ ಸರಿಯಾಗಿ ಚಕ್ರಕ್ಕೆ ಕೂತಿದೆಯೇ ಎಂದು ನೋಡಲು ಸುಲಭದ ಒಂದು ದಾರಿ ಇದೆ. ಅದರ ಮೇಲೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು, ಚಕ್ರವನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ. ಬಣ್ಣ ಹಿಮ್ಮಡಿಯಿಂದ ಬಾಯಿಯವರೆಗೂ ಹೋಗಿದ್ದರೆ ಕೋನ ಸರಿ. ಬರೀ ಬಾಯಿಯಲ್ಲಿ ಹೋಗಿದ್ದರೆ ಉಳಿ ಮೊಂಡಾಗುತ್ತಿದೆ, ಬರೀ ಹಿಮ್ಮಡಿಯಲ್ಲಿ ಹೋಗಿದ್ದರೆ ಬಾಯಿ ಮುಟ್ಟುತ್ತಲೇ ಇಲ್ಲ. ಕೋನ ಪ್ರತಿ ಸಲವೂ ಒಂದೇ ಆಗಿರುವಂತೆ ಮಾಡುವ ಚೌಕಟ್ಟುಗಳು ಮಾರಾಟಕ್ಕಿವೆ. ಮರದ ತುಂಡಿನಲ್ಲಿ ನಾವೇ ಮಾಡಿಕೊಂಡರೂ ನಡೆಯುತ್ತದೆ.

ಉಳಿಗಳು ಎಷ್ಟು? ನಾಲ್ಕು. ಚೌಕವನ್ನು ಉರುಟು ಮಾಡುವ ಅಗಲ ಗೌಜ್, ಗುಂಡಿ ಏರಿ ತೆಗೆಯುವ ಸಣ್ಣ ಗೌಜ್, ತುಂಡರಿಸುವ ಪಾರ್ಟಿಂಗ್ ಉಳಿ, ಓರೆ ಬಾಯಿಯ ಸ್ಕ್ಯೂ. ಅಗಲ ಗೌಜನ್ನು ಬಟ್ಟಲಿಗೆ ಎಂದೂ ಹಚ್ಚಬಾರದು. ಅದರ ಹಿಡಿಯೊಳಗಿನ ಬಾಲ ತೆಳುವಾಗಿದ್ದು, ಅಡ್ಡ ನಾರಿನ ಹೊಡೆತಕ್ಕೆ ಮುರಿದು ಹಾರುತ್ತದೆ. ಸ್ಕ್ಯೂ ಕಂಡರೆ ಹವ್ಯಾಸಿಗಳಿಗೆ ನಡುಕ. ಅದರ ಮೇಲಿನ ಮೂತಿ ಮರಕ್ಕೆ ತಾಗಿದರೆ ಉಳಿ ಸುರುಳಿಯಾಗಿ ಓಡಿಬಿಡುತ್ತದೆ ನಿಜ. ಆದರೆ ಬಾಯಿಯ ಕೆಳಗಿನ ಅರ್ಧದಲ್ಲೇ ಕಡೆಯುವುದನ್ನು ರೂಢಿ ಮಾಡಿಕೊಂಡರೆ ಅದು ಬಿಡುವ ಮೈಗೆ ಸ್ಯಾಂಡ್‌ಪೇಪರೇ ಬೇಡ. ಬೇಗ ಕಲಿತಷ್ಟೂ ಒಳ್ಳೆಯದು. ಮಸೆಯುವ ತಲೆನೋವೇ ಇಲ್ಲವೆಂದು ಮಾರುವ ಕಾರ್ಬೈಡ್ ಬಿಲ್ಲೆಯ ಉಪಕರಣಗಳೂ ಬಂದಿವೆ. ಬಿಲ್ಲೆ ಮೊಂಡಾದರೆ ತಿರುಗಿಸಿ ಹಾಕಿದರಾಯಿತು. ಮೊದಲ ದಿನದಿಂದಲೇ ವಸ್ತು ಕೈಗೆ ಬರುತ್ತದೆ, ಬೈಯುವುದಕ್ಕೆ ಕಾರಣವಿಲ್ಲ. ಆದರೆ ಅವು ಬಹುಮಟ್ಟಿಗೆ ಕೆರೆಯುತ್ತವೆ, ಸೀಳಿ ಕತ್ತರಿಸುವುದಿಲ್ಲ. ಮೆತ್ತನೆಯ ಮರದಲ್ಲಿ ನಾರು ಎದ್ದು ನಿಲ್ಲುತ್ತದೆ, ಉಳಿದದ್ದು ಸ್ಯಾಂಡ್‌ಪೇಪರಿನ ಪಾಲು. ಕಡೆಯುವುದನ್ನು ಕಲಿಯಬೇಕೆಂದವರು ಅವುಗಳಿಂದ ಶುರು ಮಾಡದಿರುವುದು ಮೇಲು.

ಉಳಿ ಹಿಡಿಯುವ ಕ್ರಮ ಬರಹದಲ್ಲಿ ಕಲಿಸುವಂಥದ್ದಲ್ಲ. ಆದರೂ ಒಂದು ಮಾತು. ಉಳಿ ಮೊದಲು ಆನಿಕೆಯ ಮೇಲೆ ಕೂರಬೇಕು, ಆಮೇಲೆ ಅದರ ಓರೆಮೈ ತಿರುಗುವ ಮರಕ್ಕೆ ಸುಮ್ಮನೆ ತಾಗಬೇಕು, ಆಗ ಏನೂ ಕಡೆಯುವುದಿಲ್ಲ. ಹಿಡಿಯನ್ನು ನಿಧಾನ ಮೇಲೆತ್ತುತ್ತ ಹೋದಂತೆ ಬಾಯಿ ಮರಕ್ಕೆ ಇಳಿಯುತ್ತದೆ. ಈ ಕ್ರಮ ಉಲ್ಟಾ ಆದರೆ, ಅಂದರೆ ಬಾಯಿ ಮೊದಲು ತಾಗಿದರೆ, ಉಳಿ ಕಚ್ಚಿಕೊಳ್ಳುತ್ತದೆ. ಆನಿಕೆಯನ್ನು ಮರಕ್ಕೆ ಅರ್ಧ ಇಂಚಿನೊಳಗೇ ಇಟ್ಟುಕೊಂಡು, ವ್ಯಾಸ ಇಳಿದಂತೆಲ್ಲ ಯಂತ್ರ ನಿಲ್ಲಿಸಿ ಹತ್ತಿರಕ್ಕೆ ತರುತ್ತಿರಬೇಕು. ಸೋಮಾರಿತನದಿಂದ ದೂರವೇ ಬಿಟ್ಟರೆ ಸನ್ನೆಗೋಲಿನ ಲೆಕ್ಕ ನಿಮ್ಮ ವಿರುದ್ಧ ಕೆಲಸ ಮಾಡುತ್ತದೆ.

ಮರಕ್ಕೆ ನಮ್ಮಲ್ಲಿ ಬರವಿಲ್ಲ, ಆದರೆ ಕಣ್ಣು ಬೇರೆ ಕಡೆ ಹೊರಳಬೇಕು. ಬೀಟೆ, ಗಂಧದ ಮೇಲೆ ಕಾನೂನಿನ ಕಟ್ಟುಪಾಡು ಬಿಗಿ, ಕಲಿಯುವವರು ಆ ಗೊಡವೆಗೇ ಹೋಗದಿರುವುದು ಒಳ್ಳೆಯದು. ತೇಗ ಎಲ್ಲರಿಗೂ ಪ್ರಿಯ, ಆದರೆ ಅದರೊಳಗಿನ ಸಿಲಿಕಾ ಉಳಿಯ ಬಾಯನ್ನು ಬೇಗ ತಿನ್ನುತ್ತದೆ. ಆಲೆ ಸಿಕ್ಕರೆ ಅದಕ್ಕಿಂತ ದಯಾಳುವಾದ ಮರ ಕಲಿಯುವವನಿಗೆ ಇನ್ನೊಂದಿಲ್ಲ. ಕೊಡಗು, ಚಿಕ್ಕಮಗಳೂರಿನ ತೋಟಗಳ ಸಿಲ್ವರ್ ಓಕ್ ಸಾಮಿಲ್ಲುಗಳಲ್ಲಿ ಧಾರಾಳ, ಕಡೆದಾಗ ಮೈಮೇಲೆ ಮಿನುಗುವ ಚುಕ್ಕೆ ಬರುತ್ತದೆ. ಕಿತ್ತು ಸೌದೆಗೆ ಹಾಕುವ ಹಳೆಯ ಕಾಫಿ ಗಿಡದ ಕಾಂಡ ಒತ್ತಾದ ನಾರಿನದು, ಸಣ್ಣ ಕೆಲಸಕ್ಕೆ ಚಿನ್ನ. ಹಲಸಿನ ಹಳದಿ, ನೇರಳೆಯ ಗಾಢ ಬಣ್ಣ, ಮಾವಿನ ಗೆರೆಗಳು ಎಲ್ಲ ಕೈಗೆಟುಕುವಂಥವು. ಮಳೆಗಾಲದ ಹಿಂದುಮುಂದು ಬೀದಿಬದಿಯಲ್ಲಿ ಕಡಿದು ಹಾಕಿದ ಕೊಂಬೆಗಳನ್ನು ಕೇಳಿ ತರಬಹುದು. ನೀಲಗಿರಿ ಬೇಡ, ಒಣಗುವಾಗ ಸೀಳಿ ಸೀಳಿ ಬಿಡುತ್ತದೆ. ಮಲೆನಾಡಿನವರಿಗೆ ಹೊಳೆಗೇರಿನ ಸೊನೆ ತಾಗಿದರೆ ಮೈ ಸುಟ್ಟಂತೆ ಬೊಬ್ಬೆ ಏಳುವುದು ಗೊತ್ತು. ಪೇಟೆಯವರು ಗುರುತಿಲ್ಲದ ಕಾಡುಮರವನ್ನು ಲೇತಿಗೆ ಏರಿಸುವ ಮೊದಲು ಅಂಥವರನ್ನು ಕೇಳಬೇಕು. ಕಣಗಿಲೆಯನ್ನೂ ದೂರವಿಡಿ.

ಹಸಿ ಮರ ಕಡೆಯುವುದು ಸುಲಭ ಮತ್ತು ಖುಷಿ, ಧೂಳಿಲ್ಲ, ಹೊಟ್ಟು ಒದ್ದೆ ಎಳೆಯಾಗಿ ಹಾರುತ್ತದೆ. ತೊಂದರೆ ಆಮೇಲೆ. ಒಣಗುವಾಗ ಮರ ವರ್ಷಬಳೆಯ ಗುಂಟ ಕುಗ್ಗುವುದು, ಕೇಂದ್ರದಿಂದ ಹೊರಕ್ಕೆ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಹೀಗಾಗಿ ಉರುಟು ಬಟ್ಟಲು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಇದಕ್ಕೆ ಬಟ್ಟಲುಗಾರರು ಕಂಡುಕೊಂಡ ದಾರಿ ಎರಡು ಸಲ ಕಡೆಯುವುದು. ಮೊದಲು ವ್ಯಾಸದ ಹತ್ತನೆಯ ಒಂದರಷ್ಟು ದಪ್ಪ ಬಿಟ್ಟು ಕಡೆದು, ಕಡಿದ ನಾರಿನ ತುದಿಗೆ ಮೇಣ ಬಳಿದು, ತಿಂಗಳುಗಟ್ಟಲೆ ಒಣಗಿಸಿ, ಡೊಂಕಾದದ್ದನ್ನು ಮತ್ತೆ ಲೇತಿಗೇರಿಸಿ ತೆಳು ಮಾಡುವುದು. ಬುಗುರಿ, ಭರಣಿಗಳಿಗೆ ಒಣಗಿದ ಮರವೇ ಸರಿ. ಭರಣಿಯ ಮುಚ್ಚಳ ಹಸಿ ಮರದಲ್ಲಿ ಇವತ್ತು ಕೂತದ್ದು ಮುಂದಿನ ವಾರ ಕೂರುವುದಿಲ್ಲ.

ಮೊದಲು ಏನು ಮಾಡಬೇಕು? ಏನೂ ಮಾಡದೆ, ಒಂದೂವರೆ ಇಂಚಿನ ಚೌಕದ ತುಂಡುಗಳನ್ನು ಬರೀ ಉರುಟು ಮಾಡುವುದು, ಅದರ ಮೇಲೆ ಸಾಲಾಗಿ ಮಣಿ ಮತ್ತು ಕೊಳ್ಳ ತೆಗೆಯುವುದು, ಎಲ್ಲವನ್ನೂ ಒಲೆಗೆ ಹಾಕುವುದು. ಇದು ಯಾರಿಗೂ ಹಿಡಿಸದ ಸಲಹೆ ಎಂದು ಗೊತ್ತು. ಆಮೇಲೆ ಲಟ್ಟಣಿಗೆ. ನೋಡಲು ಸಪ್ಪೆ, ಆದರೆ ಉದ್ದಕ್ಕೂ ಒಂದೇ ವ್ಯಾಸ ತರುವುದು ಕೈಗೆ ದೊಡ್ಡ ಪರೀಕ್ಷೆ. ತಪ್ಪಿದರೆ ಚಪಾತಿಯೇ ಹೇಳುತ್ತದೆ. ಬುಗುರಿ ಮಕ್ಕಳಿರುವ ಮನೆಯಲ್ಲಿ ಎಷ್ಟಾದರೂ ಬೇಕು. ಅದರ ತೂಕ ಒಂದು ಕಡೆ ವಾಲಿದ್ದರೆ ನೆಲದ ಮೇಲೆ ನಡುಗಿ ತೋರಿಸುತ್ತದೆ. ಕಡೆಗೋಲಿನ ಆಸೆ ಸ್ವಲ್ಪ ತಡೆಯಲಿ, ಉದ್ದನೆಯ ತೆಳು ಕೋಲು ನಡುವೆ ಬಾಗಿ ಅದುರುತ್ತದೆ, ಒಂದು ಕೈಯಿಂದ ಹಿಂದೆ ಆಸರೆ ಕೊಟ್ಟು ಕಡೆಯುವ ಹದ ಬಂದಿರಬೇಕು. ಕುಂಕುಮದ ಭರಣಿಯ ಹೊತ್ತಿಗೆ ನಾಲ್ಕು ದವಡೆಯ ಚಕ್ ಬೇಕೆನಿಸುತ್ತದೆ, ಏಕೆಂದರೆ ಒಳಗೆ ಟೊಳ್ಳು ಮಾಡಲು ಒಂದು ತುದಿ ತೆರೆದಿರಬೇಕು. ಕೊಳ್ಳಲಾಗದವರು ಚನ್ನಪಟ್ಟಣದ ಹಿಡಿಕೆಯ ತತ್ವವನ್ನೇ ಮನೆಗೆ ಹೊಂದಿಸಿಕೊಳ್ಳಬಹುದು. ಲೇತಿನ ಮುಖತಟ್ಟೆಗೆ ಬೇಡದ ಮರದ ದಿಮ್ಮಿಯೊಂದನ್ನು ಸ್ಕ್ರೂನಿಂದ ಬಿಗಿದು, ಅದರಲ್ಲಿ ತುಸು ಇಳುಕಲಾದ ಗುಳಿ ಕಡೆದು, ಭರಣಿಯ ತುಂಡನ್ನು ಅಲ್ಲಿಗೆ ಬಿಗಿಯಾಗಿ ಒತ್ತಿ ಕೂರಿಸಿದರೆ ಸಣ್ಣ ಕೆಲಸಕ್ಕೆ ಸಾಕಷ್ಟು ಹಿಡಿತ ಸಿಗುತ್ತದೆ. ಬಟ್ಟಲು ಇದರ ನಂತರದ್ದು, ಆಗ ಬೇರೆ ಗೌಜ್ ಕೊಳ್ಳಬೇಕು. ಅದಕ್ಕೆ ಅವಸರವಿಲ್ಲ.

ಮೆರುಗಿನ ವಿಷಯದಲ್ಲಿ ಹೊರಗಿನ ಪುಸ್ತಕಗಳು ನಮಗೆ ಕಲಿಸುವುದು ಕಡಿಮೆ. ತಿರುಗುವ ಮರಕ್ಕೆ ಅರಗು ಹಚ್ಚುವುದನ್ನು ಕಣ್ಣಾರೆ ನೋಡಿ ಕಲಿಯುವ ಅನುಕೂಲ ಇಲ್ಲಿದೆ, ಬಣ್ಣದ ಕಡ್ಡಿಗಳೂ ಚನ್ನಪಟ್ಟಣದಲ್ಲಿ ಸಿಗುತ್ತವೆ. ಅರಗು ಕೀಟದಿಂದ ಬಂದ ರಾಳ, ಒಣಗಬೇಕಾಗಿಲ್ಲ, ತಣಿದರೆ ಮುಗಿಯಿತು. ಕಡ್ಡಿಯನ್ನು ಅಳುಕುತ್ತ ಮುಟ್ಟಿಸಿದರೆ ಬಿಸಿ ಹುಟ್ಟದ್ದರಿಂದ ಕರಗುವುದಿಲ್ಲ, ಒಂದೇ ಕಡೆ ಒತ್ತಿದರೆ ಅಲ್ಲಿ ದಪ್ಪ ಪಟ್ಟೆ ನಿಲ್ಲುತ್ತದೆ. ಒತ್ತುತ್ತಲೇ ಪಕ್ಕಕ್ಕೆ ಸರಿಯುತ್ತಿರಬೇಕು. ಎಲೆಯ ಕೆಲಸ ಅದಕ್ಕಿಂತ ಸೂಕ್ಷ್ಮ. ಇದಕ್ಕೆ ಮಿತಿಯೂ ಇದೆ: ಬಿಸಿಗೆ ಅರಗು ಮೆತ್ತಗಾಗುತ್ತದೆ, ಸ್ಪಿರಿಟ್ ತಾಗಿದರೆ ಕರಗುತ್ತದೆ. ಗೊಂಬೆ, ಬುಗುರಿಯ ಮೇಲ್ಭಾಗ, ಭರಣಿಯ ಹೊರಮೈಗೆ ಅದು ಒಪ್ಪುತ್ತದೆ. ಕಾಫಿ ಲೋಟ ಇಡುವ ತಟ್ಟೆಗೆ ಒಪ್ಪುವುದಿಲ್ಲ. ಬಟ್ಟಲಿಗೆ ಅಗಸೆ ಎಣ್ಣೆ ತೆಳುವಾಗಿ ಹಚ್ಚಿ ವಾರಗಟ್ಟಲೆ ಒಣಗಲು ಬಿಟ್ಟು ಮೇಲೆ ಜೇನುಮೇಣ ಉಜ್ಜಬಹುದು. ಕೊಬ್ಬರಿ ಎಣ್ಣೆ ಒಣಗುವ ಜಾತಿಯದಲ್ಲ, ಹಚ್ಚಿದರೆ ಧೂಳು ಹಿಡಿದು ಕಮಟು ನಾರುತ್ತದೆ. ಲಟ್ಟಣಿಗೆಗೆ ಏನೂ ಬೇಡ, ಹಿಟ್ಟು ಸವರಿ ಸವರಿ ಅದು ತನ್ನ ಹೊಳಪನ್ನು ತಾನೇ ಮಾಡಿಕೊಳ್ಳುತ್ತದೆ.